ಬಿಗಿ ಮಾಡಿದಷ್ಟೂ ಸೋರುವ ಕಿಟಕಿ

ಹಳೆಯ ಹಾಯಿದೋಣಿ ಕೊಳ್ಳಲು ಹೋದವರು ಮೊದಲು ಕಣ್ಣಿಗಿಂತ ಮೂಗಿಗೆ ಕೆಲಸ ಕೊಡಬೇಕು. ಬಾಗಿಲು ಸರಿಸಿ ಒಳಗಿನ ಕ್ಯಾಬಿನ್ನಿಗೆ ತಲೆ ಹಾಕಿದ ಕೂಡಲೇ ಆಷಾಢದಲ್ಲಿ ಒಣಗದೆ ಉಳಿದ ಕಂಬಳಿಯ ವಾಸನೆ ಬಂತೆನ್ನಿ, ಆಮೇಲೆ ಕಿಟಕಿಗಳ ಕೆಳಗೆ ನೋಡಿ. ಗೋಡೆಯ ಮೇಲೆ ಕಾಫಿ ಡಿಕಾಕ್ಷನ್ ಸೋರಿದಂತೆ ಕಂದು ಗೆರೆಗಳು ಇಳಿದಿರುತ್ತವೆ. ಮಾರುವವರು ಅದನ್ನು ತೋರಿಸುವುದಿಲ್ಲ. ಅಲ್ಲೊಂದು ದಿಂಬು ಒರಗಿಸಿಟ್ಟಿರುತ್ತಾರೆ.

ನಮ್ಮಲ್ಲಿ ಹಾಯಿದೋಣಿ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಆದರೆ ಅಮೆರಿಕ, ಕೆನಡ, ಇಂಗ್ಲೆಂಡುಗಳ ಬಂದರುಗಳಲ್ಲಿ ನಲವತ್ತು ಐವತ್ತು ವರ್ಷ ವಯಸ್ಸಾದ ಚಿಕ್ಕ ಹಾಯಿದೋಣಿಗಳು ಲೆಕ್ಕವಿಲ್ಲದಷ್ಟು ಇವೆ. ಇದಕ್ಕೆಲ್ಲ ಕಾರಣ ಫೈಬರ್‌ಗ್ಲಾಸ್. 1959ರ ಜನವರಿಯಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಕಂಪನಿಯವರು ‘ಟ್ರೈಟನ್’ ಎಂಬ 28 ಅಡಿಯ ಹಾಯಿದೋಣಿಯನ್ನು ನಿಲ್ಲಿಸಿದರು. ಮರದ ದೋಣಿಯಂತೆ ಹಲಗೆ ಹಲಗೆ ಜೋಡಿಸಿದ್ದಲ್ಲ, ಇಡ್ಲಿಯ ಹಾಗೆ ಅಚ್ಚಿನಲ್ಲಿ ಎರೆದು ತೆಗೆದದ್ದು. ಮುಂದಿನ ಇಪ್ಪತ್ತೈದು ವರ್ಷ ಇಂಥವು ಸಾವಿರಗಟ್ಟಲೆ ತಯಾರಾದವು. ಕೆನಡದ ಒಂಟಾರಿಯೊ ಪ್ರಾಂತದಲ್ಲಿ 1969ರಲ್ಲಿ ಹುಟ್ಟಿದ ಸಿ ಅಂಡ್ ಸಿ ಕಂಪನಿಯ ದೋಣಿಗಳು ಇವತ್ತಿಗೂ ಅಲ್ಲಿನ ಸರೋವರಗಳಲ್ಲಿ ಓಡಾಡುತ್ತಿವೆ.

ಓಡಾಡುವುದೇನು ಬಂತು, ಪ್ರಪಂಚವನ್ನೇ ಸುತ್ತುತ್ತವೆ. 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ಪಂದ್ಯದ ನಿಯಮದಲ್ಲಿ ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದೇ ಆಗಿರಬೇಕು ಎಂದಿತ್ತು. ನಮ್ಮ ನೌಕಾಪಡೆಯಿಂದ ನಿವೃತ್ತರಾದ ಅಭಿಲಾಷ್ ಟಾಮಿ ಅಂಥದೇ 36 ಅಡಿಯ ಹಳೆಯ ಮಾದರಿಯ ದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ಅಂದರೆ ಒಡಲು ಗಟ್ಟಿ. ಫೈಬರ್‌ಗ್ಲಾಸು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಮೊದಲು ಮುದಿಯಾಗುವುದು ಕಿಟಕಿ. ಕ್ಯಾಬಿನ್ನಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಕೂರಿಸಿದ, ತೆರೆಯಲು ಬಾರದ, ಹೊಗೆ ಬಣ್ಣದ ಅಕ್ರಿಲಿಕ್ ಹಲಗೆ. ಹಲವು ದೋಣಿಗಳಲ್ಲಿ ಅದಕ್ಕೆ ಚೌಕಟ್ಟೂ ಇರುವುದಿಲ್ಲ. ಗೋಡೆಯಲ್ಲಿ ಕೊರೆದ ಕಂಡಿಯ ಮೇಲೆ ಹೊರಗಡೆಯಿಂದ ಹಲಗೆಯನ್ನು ಒತ್ತಿ, ನಡುವೆ ಸೀಲಂಟ್ ಮೆತ್ತಿ, ಸುತ್ತ ಸ್ಕ್ರೂ ಹಾಕಿರುತ್ತಾರೆ. ಹತ್ತು ಹದಿನೈದು ವರ್ಷಕ್ಕೆ ಅದು ಸೋರಲು ಶುರುವಾಗುತ್ತದೆ.

ಸೋರಿದರೆ ಏನಂತೆ, ದೋಣಿಯೆಂದ ಮೇಲೆ ನೀರು ಇದ್ದದ್ದೇ ಎನ್ನಬೇಡಿ. ಫೈಬರ್‌ಗ್ಲಾಸ್ ದೋಣಿಯ ಡೆಕ್ಕು, ಕ್ಯಾಬಿನ್ ಗೋಡೆಗಳು ಬಹಳ ಸಲ ಇಡಿಯಾಗಿ ಫೈಬರ್‌ಗ್ಲಾಸ್ ಆಗಿರುವುದಿಲ್ಲ. ಎರಡು ತೆಳು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರದ ತುಂಡುಗಳನ್ನೋ ಪ್ಲೈವುಡ್ಡನ್ನೋ ಇಟ್ಟಿರುತ್ತಾರೆ. ಬಿಸ್ಕತ್ತಿನ ನಡುವೆ ಕ್ರೀಮು ಇದ್ದ ಹಾಗೆ. ಕಿಟಕಿಗೆಂದು ಕಂಡಿ ಕೊರೆದಾಗ ಈ ಮರದ ಅಂಚು ಬಯಲಾಗುತ್ತದೆ. ಅಲ್ಲಿ ಒಂದು ಹನಿ ನುಸುಳಿದರೆ ಸಾಕು, ಮುಂದಿನದನ್ನು ಮರವೇ ಹೀರಿಕೊಳ್ಳುತ್ತದೆ. ಉಪ್ಪು ನೀರಾದರೂ ವಾಸಿ, ಉಪ್ಪಿಗೆ ಬೂಷ್ಟು ಅಂಜುತ್ತದೆ. ಮರವನ್ನು ಕೊಳೆಸುವುದು ಮಳೆ ನೀರು, ಸಿಹಿ ನೀರು. ಸಮುದ್ರದಲ್ಲಿರುವ ದೋಣಿಗೂ ಮಳೆಯೇ ದೊಡ್ಡ ವೈರಿ. ಇನ್ನು ಒಳಗೆ ಇಳಿದ ನೀರು ಗೋಡೆಯಗುಂಟ ಹರಿದು ಅಡ್ಡಗೋಡೆಯ ಪ್ಲೈವುಡ್ಡಿಗೆ ಸೇರುತ್ತದೆ. ಹಾಯಿಮರವನ್ನು ಎರಡೂ ಕಡೆಯಿಂದ ಎಳೆದು ಹಿಡಿಯುವ ಉಕ್ಕಿನ ತಂತಿಗಳ ಬುಡದ ಪಟ್ಟಿಗಳನ್ನು ಎಷ್ಟೋ ದೋಣಿಗಳಲ್ಲಿ ಅದೇ ಅಡ್ಡಗೋಡೆಗೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಪ್ಲೈವುಡ್ಡು ಮೆತ್ತಗಾದರೆ ಒಂದು ದಿನ ಜೋರು ಗಾಳಿಗೆ ಹಾಯಿಮರವೇ ಉರುಳುತ್ತದೆ. ಕಿಟಕಿಯ ಸಂದಿನಲ್ಲಿ ಇಳಿದ ಹನಿಗೂ ಹಾಯಿಮರಕ್ಕೂ ಇರುವ ಈ ನಂಟು ದೋಣಿ ಕೊಂಡವರಿಗೆ ಗೊತ್ತಾಗುವುದು ಸಾಮಾನ್ಯವಾಗಿ ತಡವಾಗಿ.

ನಮ್ಮ ಅಕ್ಕನ ಮಗ ಟೊರಾಂಟೊದಲ್ಲಿದ್ದಾನೆ. ಹಳೆಯ ಕಾರಿಗಿಂತ ಅಗ್ಗವಾಗಿ ಸಿಕ್ಕಿತೆಂದು 1970ರ ದಶಕದ 27 ಅಡಿಯ ಒಂದು ದೋಣಿ ಕೊಂಡ. ಒಂಟಾರಿಯೊ ಸರೋವರವೆಂದರೆ ನಮ್ಮ ಕೆರೆಯ ಹಾಗಲ್ಲ. ಸುಮಾರು 19,000 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಹತ್ತರಲ್ಲೊಂದು ಭಾಗ. ಅಲ್ಲಿ ಅಲೆ ಎದ್ದರೆ ಸಮುದ್ರವೇ. ಒಂದು ಭಾನುವಾರ ಅವನ ಫೋನು ಬಂತು.

‘ಮಾವ, ಒಂದೊಂದು ಕಿಟಕೀಗೂ ಹದಿನಾರು ಸ್ಕ್ರೂ ಇದೆ. ಎಲ್ಲಾನೂ ಇನ್ನರ್ಧ ಸುತ್ತು ಬಿಗಿ ಮಾಡ್ದೆ. ಮೊದ್ಲು ಒಂದು ಕಡೆ ಸೋರ್ತಿತ್ತು. ಈಗ ಮೂರು ಕಡೆ!’

‘ಇನ್ನು ಮುಟ್ಟಬೇಡ ಕಣೋ. ಮುಟ್ಟಿದರೆ ಹಲಗೆ ಸೀಳುತ್ತೆ’ ಎಂದೆ.

‘ಇಲ್ಲೊಬ್ರು ರಿಪೇರಿಯವ್ರೇ ಬಿಗಿ ಮಾಡಿ ಅಂದ್ರಲ್ಲ?’

ಹಾಗೆನ್ನುವವರು ಎಲ್ಲ ಬಂದರಿನಲ್ಲೂ ಸಿಗುತ್ತಾರೆ. ಸೋರುವ ನಲ್ಲಿಯನ್ನು ತಿರುವಿ ಬಿಗಿ ಮಾಡುವುದು ನಮಗೆಲ್ಲ ಚಿಕ್ಕಂದಿನಿಂದ ಅಭ್ಯಾಸ. ಈ ಕಿಟಕಿಯ ಕಥೆ ಮಾತ್ರ ಉಲ್ಟಾ. ಯಾಕೆ ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದು ಸುಲಭ. ಕಮ್ಮಾರ ಪಟ್ಟಿಯನ್ನು ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡುತ್ತಾನೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಕುಗ್ಗಿ ಮರವನ್ನು ಅವುಚಿ ಹಿಡಿಯುತ್ತದೆ. ಅಲ್ಲಿ ಹಿಗ್ಗುವಿಕೆ ಗೆಳೆಯ. ಇಲ್ಲಿ ಅದೇ ಶತ್ರು. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಲಗೆ, ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಸುಮಾರು 0.07 ಮಿಲಿಮೀಟರು ಹಿಗ್ಗುತ್ತದೆ. ಕಬ್ಬಿಣಕ್ಕಿಂತ ಐದಾರು ಪಟ್ಟು, ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು. ಅದರ ಕೆಳಗಿರುವ ಫೈಬರ್‌ಗ್ಲಾಸ್ ಗೋಡೆ ಹಿಗ್ಗುವುದು ಅದರ ಮೂರರಲ್ಲೊಂದು ಭಾಗ ಮಾತ್ರ.

ಟೊರಾಂಟೊದ ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಬೇಸಿಗೆಯ ಮಧ್ಯಾಹ್ನ ಹೊಗೆ ಬಣ್ಣದ ಹಲಗೆ ಬಿಸಿಲು ಕುಡಿದು 50 ಡಿಗ್ರಿ ಮುಟ್ಟುತ್ತದೆ. ಎಪ್ಪತ್ತು ಡಿಗ್ರಿಯ ಅಂತರ. ಮೀಟರ್ ಉದ್ದದ ಹಲಗೆ ಇಷ್ಟರಲ್ಲಿ ಐದು ಮಿಲಿಮೀಟರ್ ಬೆಳೆದಿರುತ್ತದೆ. ಗೋಡೆ ಎರಡಕ್ಕಿಂತ ಕಡಿಮೆ. ಮಿಕ್ಕ ಮೂರು ಮಿಲಿಮೀಟರನ್ನು ಎರಡು ತುದಿಗೆ ಹಂಚಿದರೆ ಒಂದೊಂದು ಕಡೆ ಒಂದೂವರೆ. ಈ ಒಂದೂವರೆ ಮಿಲಿಮೀಟರ್ ಓಡಾಟವನ್ನು ನಡುವಿನ ಸೀಲಂಟ್ ಸಹಿಸಬೇಕು. ಅದರ ದಪ್ಪ ಮೂರು ಮಿಲಿಮೀಟರ್ ಇದ್ದರೆ ಅರ್ಧದಷ್ಟು ಜಗ್ಗಿದರೆ ಸಾಕು, ಒಳ್ಳೆಯ ಸಿಲಿಕೋನ್ ಅಷ್ಟನ್ನು ವರ್ಷಗಟ್ಟಲೆ ತಾಳುತ್ತದೆ. ಸ್ಕ್ರೂ ಬಿಗಿ ಮಾಡುತ್ತಾ ಹೋದರೆ? ಸೀಲಂಟೆಲ್ಲ ಪಕ್ಕಕ್ಕೆ ಉಕ್ಕಿ ಬಂದು ನಡುವೆ ಉಳಿಯುವುದು ಅರ್ಧ ಮಿಲಿಮೀಟರ್. ಅದು ತನ್ನ ಮೂರು ಪಟ್ಟು ಜಗ್ಗಬೇಕಾಗುತ್ತದೆ. ಮೊದಲ ಚಳಿಗಾಲದಲ್ಲೇ ಹರಿಯುತ್ತದೆ. ಕಿಟಕಿಯನ್ನು ಉಳಿಸುವುದು ಹಿಡಿತ ಅಲ್ಲ, ಸಡಿಲ. ಅಂಗಡಿಯಲ್ಲಿ ಎಷ್ಟೇ ದುಬಾರಿ ಟ್ಯೂಬು ಕೊಂಡರೂ ತೆಳ್ಳಗೆ ಸವರಿದರೆ ದಂಡ.

ಅಕ್ರಿಲಿಕ್ ಎಂಬ ಈ ವಸ್ತುವಿನ ಬಗ್ಗೆ ಎರಡು ಮಾತು. 1930ರ ದಶಕದಲ್ಲಿ ಜರ್ಮನಿಯಲ್ಲಿ ‘ಪ್ಲೆಕ್ಸಿಗ್ಲಾಸ್’ ಎಂದು, ಇಂಗ್ಲೆಂಡಿನಲ್ಲಿ ‘ಪರ್ಸ್ಪೆಕ್ಸ್’ ಎಂದು ಮಾರುಕಟ್ಟೆಗೆ ಬಂತು. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಪೈಲಟ್ಟಿನ ತಲೆಯ ಮೇಲಿನ ಗುಮ್ಮಟಕ್ಕೆ ಇದನ್ನೇ ಹಾಕಿದರು. ಗುಂಡು ತಗುಲಿ ಗುಮ್ಮಟ ಸಿಡಿದಾಗ ಪೈಲಟ್ಟುಗಳ ಕಣ್ಣಿಗೆ ಅದರ ಚೂರುಗಳು ಹೊಕ್ಕವು. ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಒಂದು ವಿಚಿತ್ರ ಗಮನಿಸಿದರು: ಆ ಚೂರುಗಳು ಕಣ್ಣಿನೊಳಗೆ ಕೀವು ಕಟ್ಟದೆ ತೆಪ್ಪಗೆ ಕೂತಿದ್ದವು. 1949ರಲ್ಲಿ ಅವರು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ ರೋಗಿಯೊಬ್ಬರ ಕಣ್ಣಿಗೆ ಕೂರಿಸಿದರು. ಮದುರೆಯ ಅರೋಲ್ಯಾಬ್ 1992ರಿಂದ ಇಂಥ ಮಸೂರಗಳನ್ನು ಅಗ್ಗವಾಗಿ ಮಾಡತೊಡಗಿದ ಮೇಲೆ ನಮ್ಮ ಹಳ್ಳಿಯ ಅಜ್ಜಿಯರ ಕಣ್ಣಿಗೂ ಅದು ಬಂತು. ಪೊರೆ ತೆಗೆಸಿಕೊಂಡ ನಿಮ್ಮ ಅಜ್ಜಿಯ ಕಣ್ಣಲ್ಲಿರುವುದೂ ದೋಣಿಯ ಕಿಟಕಿಯೂ ಒಂದೇ ಕುಲದವು ಇರಬಹುದು.

ಕಣ್ಣಿನೊಳಗೆ ಅಷ್ಟು ಸಾಧುವಾದ ಈ ವಸ್ತು ಬಿಸಿಲಿನಲ್ಲಿ, ಎಳೆದಾಟದಲ್ಲಿ, ರಾಸಾಯನಿಕದ ಎದುರಿನಲ್ಲಿ ಬಲು ಸೂಕ್ಷ್ಮ. ಹಳೆಯ ಕಿಟಕಿಯನ್ನು ಸೂರ್ಯನಿಗೆ ಓರೆಯಾಗಿ ಹಿಡಿದು ನೋಡಿದರೆ ಜೇಡರ ಬಲೆಯಂಥ ಮಿರುಗುವ ಬಿರುಕುಗಳು ಕಾಣುತ್ತವೆ. ಉಜ್ಜಿ ಪಾಲಿಷ್ ಹಾಕಿದರೆ ಹೋಗುವಂಥದ್ದಲ್ಲ, ಒಳಕ್ಕೇ ಇಳಿದಿರುತ್ತವೆ. ಅಂಥ ಹಲಗೆಯ ಶಕ್ತಿಯೂ ಉಡುಗಿರುತ್ತದೆ. ಅದನ್ನು ತೆಗೆದು ಹೊಸದು ಹಾಕುವುದೇ ದಾರಿ.

ಹೊಸದು ಹಾಕುವಾಗ ಹಲವರಿಗೆ ಪಾಲಿಕಾರ್ಬೊನೇಟಿನ ಮೇಲೆ ಕಣ್ಣು ಹೋಗುತ್ತದೆ. ಪೊಲೀಸರ ಗುರಾಣಿ, ಹೆಲ್ಮೆಟ್ಟಿನ ಮುಂಗಾಜು ಮಾಡುವ ವಸ್ತು. ಸುತ್ತಿಗೆಯಲ್ಲಿ ಬಡಿದರೂ ಒಡೆಯದು, ನಿಜ. ಆದರೆ ಸ್ಕೂಟರ್ ಓಡಿಸುವವರಿಗೆ ಗೊತ್ತು, ಎರಡು ವರ್ಷದಲ್ಲಿ ಅದರ ಮೇಲೆ ಎಷ್ಟು ಗೀಚು ಬೀಳುತ್ತದೆ, ಬಿಸಿಲಿಗೆ ಹೇಗೆ ಹಳದಿಯಾಗುತ್ತದೆ ಎಂದು. ಸಾಲದ್ದಕ್ಕೆ ಅದು ಬಾಗುತ್ತದೆ. ದೊಡ್ಡ ಅಲೆ ಬಡಿದಾಗ ಒಡೆಯದೆ ಬಾಗಿ, ಅಂಚಿನ ಅಂಟಿನಿಂದ ಕಿತ್ತುಕೊಂಡು ಒಳಗೆ ಬರಬಹುದು. ಸಾಮಾನ್ಯ ದೋಣಿಗೆ ಅಕ್ರಿಲಿಕ್ಕೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ಎರಕ ಹೊಯ್ದ ಹಾಳೆ. ಯಂತ್ರದಿಂದ ಶಾವಿಗೆಯ ಹಾಗೆ ಒತ್ತಿ ತೆಗೆದದ್ದು ಅಗ್ಗ, ಆದರೆ ಬೇಗ ಬಿರಿಯುತ್ತದೆ. ದಪ್ಪ ಹಳೆಯದರಷ್ಟೇ ಇರಲಿ, ಅದಕ್ಕಿಂತ ಕಡಿಮೆ ಬೇಡ. ದೋಣಿಯ ಗಾತ್ರ ನೋಡಿಕೊಂಡು 6ರಿಂದ 12 ಮಿಲಿಮೀಟರ್.

ಕೆಲಸದಲ್ಲಿ ಮುಕ್ಕಾಲು ಪಾಲು ತೆಗೆಯುವುದು ಮತ್ತು ಒರೆಸುವುದೇ. ಹಾಕುವುದು ಒಂದು ಗಂಟೆಯ ಮಾತು. ಹಳೆಯ ಹಲಗೆಯನ್ನು ಸಾಧ್ಯವಾದಷ್ಟು ಮುಕ್ಕಾಗದಂತೆ ಎಬ್ಬಿಸಬೇಕು, ಅಳತೆಗೆ ಅದೇ ಆಧಾರ. ಪೇಂಟರುಗಳು ಪುಟ್ಟಿ ಎಳೆಯುವ ತೆಳು ಬ್ಲೇಡು, ಮೀನಿನ ಗಾಳದ ದಾರ, ಮರದ ಬೆಣೆ ಸಾಕು. ಅವಸರದಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಗೋಡೆಯ ಹೊಳಪಿನ ಪದರ ಎದ್ದು ಬರುತ್ತದೆ. ಆಮೇಲೆ ಕಂಡಿಯ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಮರ ಮೆತ್ತಗಿದ್ದರೆ ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ, ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಬೇಕು. ಇಡೀ ರಿಪೇರಿಯಲ್ಲಿ ದೋಣಿಯ ಆಯುಸ್ಸನ್ನು ಉಳಿಸುವ ಹೆಜ್ಜೆ ಇದು. ಹೊರಗಿನಿಂದ ಕಾಣಿಸುವುದಿಲ್ಲವಾದ್ದರಿಂದ ಬಿಟ್ಟುಬಿಡುವವರೇ ಹೆಚ್ಚು. ಹಿಂದಿನ ಮಾಲೀಕರು ಸಿಲಿಕೋನ್ ಮೆತ್ತಿದ್ದರೆ ಅದರ ಪಸೆಯನ್ನೂ ಉಪ್ಪು ಕಾಗದದಲ್ಲಿ ಉಜ್ಜಿ ಪೂರ್ತಿ ತೆಗೆಯಬೇಕು. ಅದರ ಮೇಲೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು.

ಹೊಸ ಹಲಗೆಯ ಮೇಲಿನ ರಕ್ಷಣೆಯ ಕಾಗದವನ್ನು ಕೊನೆಯವರೆಗೂ ಕೀಳಬಾರದು. ಗೋಡೆಯಲ್ಲಿ ತಗ್ಗು ಮಾಡಿ ಅದರಲ್ಲಿ ಕೂರಿಸುವಂಥದ್ದಾದರೆ ಸುತ್ತ ಮೂರು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಬೇಕು, ಹಿಗ್ಗಲು ಜಾಗ ಬೇಕಲ್ಲ. ಗರಗಸವನ್ನು ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ರಂಧ್ರಗಳನ್ನು ಸ್ಕ್ರೂಗಿಂತ ದೊಡ್ಡದಾಗಿಯೇ ಕೊರೆಯಬೇಕು: 5 ಮಿಲಿಮೀಟರಿನ ಸ್ಕ್ರೂಗೆ 8 ಮಿಲಿಮೀಟರಿನ ರಂಧ್ರ. ಮರಕ್ಕೆ ಹಾಕುವ ಮಾಮೂಲಿ ಬಿಟ್ಟು ಅಕ್ರಿಲಿಕ್ಕನ್ನು ಕಚ್ಚಿ ಸೀಳಿಬಿಡುತ್ತದೆ, ಪ್ಲಾಸ್ಟಿಕ್ಕಿಗೆಂದೇ ಮೊನೆ ತೀಡಿದ್ದು ಸಿಗುತ್ತದೆ. ಸ್ಕ್ರೂ ತಲೆ ಮೇಲ್ಮೈಗೆ ಸಮನಾಗಿ ಕೂರಲೆಂದು ರಂಧ್ರದ ಬಾಯಿಯನ್ನು ಕೊಳವೆಯಂತೆ ಅಗಲ ಮಾಡುವ ಚಟ ಬಡಗಿಗಳಿಗುಂಟು. ಇಲ್ಲಿ ಅದು ಕೂಡದು. ಓರೆ ತಲೆಯ ಸ್ಕ್ರೂ ಬೆಣೆಯಂತೆ ಕೆಲಸ ಮಾಡಿ ಹಲಗೆಯನ್ನು ಸೀಳುತ್ತದೆ. ಚಪ್ಪಟೆ ತಲೆ, ಕೆಳಗೊಂದು ಅಗಲ ವಾಷರ್. ನೋಡಲು ಅಷ್ಟೇನೂ ಚೆಂದವಲ್ಲ, ಇರಲಿ.

ಒರೆಸಲು ಸೋಪಿನ ನೀರು. ಅಸಿಟೋನ್, ಥಿನ್ನರ್, ಪೆಟ್ರೋಲು, ಗಾಜು ಒರೆಸುವ ಅಮೋನಿಯದ ದ್ರವ ಯಾವುದೂ ಹತ್ತಿರ ಬರಬಾರದು. ಎಳೆದಾಟದಲ್ಲಿರುವ ಅಕ್ರಿಲಿಕ್ಕಿಗೆ ಇವು ತಾಗಿದರೆ ಹೊಸ ಹಲಗೆಯೂ ಬಿರಿಯುತ್ತದೆ. ಸೀಲಂಟಿನ ಆಯ್ಕೆಯಲ್ಲೂ ಇದೇ ಎಚ್ಚರ. ದೋಣಿ ಸಾಮಾನಿನ ಅಂಗಡಿಯವರು ಹೆಮ್ಮೆಯಿಂದ ಕೊಡುವ ಪಾಲಿಸಲ್ಫೈಡ್ ತೇಗಕ್ಕೆ, ಕಂಚಿಗೆ ಅತ್ಯುತ್ತಮ, ಅಕ್ರಿಲಿಕ್ಕಿಗೆ ವಿಷ. ಒಮ್ಮೆ ಹಾಕಿದರೆ ಬಿಡಿಸಲಾಗದ ಪಾಲಿಯುರಿಥೇನ್ ಅಂಟೂ ಬೇಡ. ಮುಂದೊಂದು ದಿನ ಈ ಹಲಗೆಯನ್ನೂ ತೆಗೆಯುವವರು ಬರುತ್ತಾರೆ. ದೊಡ್ಡ ಕಟ್ಟಡಗಳ ಮುಂಭಾಗಕ್ಕೆ ಗಾಜು ಅಂಟಿಸುತ್ತಾರಲ್ಲ, ಅದೇ ಜಾತಿಯ ಸಿಲಿಕೋನ್, ಉದಾಹರಣೆಗೆ ಡೌ ಕಂಪನಿಯ 795, ಹಳೆಯ ದೋಣಿಯವರ ನಡುವೆ ಹೆಸರು ಮಾಡಿದೆ. ವಿನೆಗರಿನ ವಾಸನೆ ಬರುವ ಬಚ್ಚಲು ಮನೆಯ ಸಿಲಿಕೋನ್ ಬೇರೆ, ಇದು ಬೇರೆ. ಕೆಲವರು ಇದರ ಜೊತೆಗೆ 3ಎಂ ಕಂಪನಿಯ ದಪ್ಪ ಅಂಟುಪಟ್ಟಿಯನ್ನು ಒಳ ಅಂಚಿಗೆ ಹಚ್ಚುತ್ತಾರೆ. ಅದು ಹಲಗೆಯನ್ನೂ ಹಿಡಿಯುತ್ತದೆ, ಸೀಲಂಟಿನ ದಪ್ಪವನ್ನೂ ಕಾಯುತ್ತದೆ. ಬಿಸಿಲು ಪಾರದರ್ಶಕ ಹಲಗೆಯ ಮೂಲಕ ಹಾದು ಅಂಟನ್ನು ಹಾಳು ಮಾಡದಂತೆ ಅಂಚಿನ ಸುತ್ತ ಕಪ್ಪು ಬಳಿಯುವ ಪದ್ಧತಿಯೂ ಇದೆ. ನಿಮ್ಮ ಕಾರಿನ ಮುಂಗಾಜಿನ ಅಂಚಿಗೆ ಕಪ್ಪು ಪಟ್ಟಿ ಇರುವುದೂ ಇದೇ ಕಾರಣಕ್ಕೆ.

ಸೀಲಂಟನ್ನು ಧಾರಾಳವಾಗಿ, ಎಲ್ಲೂ ಕಡಿಯದಂತೆ ಹಾಕಿ ಹಲಗೆಯನ್ನು ಒತ್ತಿ. ಸ್ಕ್ರೂಗಳನ್ನು ಬೆರಳಲ್ಲೇ ತಿರುವಿ, ಸುತ್ತ ಒಂದು ಸಣ್ಣ ಉಬ್ಬು ಎದ್ದ ಕೂಡಲೇ ನಿಲ್ಲಿಸಿ. ಇದನ್ನು ಅಕ್ಕನ ಮಗನಿಗೆ ಮೂರು ಸಲ ಹೇಳಬೇಕಾಯಿತು. ‘ಅಷ್ಟೇನಾ ಮಾವ? ಸ್ಪ್ಯಾನರು ಬೇಡ್ವಾ?’ ಬೇಡ. ಸಿಲಿಕೋನು ಪೂರ್ತಿ ಬಲಿಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೂ ದೋಣಿ ದಡದಲ್ಲೇ ಇರಲಿ. ಇನ್ನೊಂದು ಗುಟ್ಟೂ ಉಂಟು: ಈ ಕೆಲಸಕ್ಕೆ ಕಡು ಬೇಸಿಗೆಯ ಮಧ್ಯಾಹ್ನ ಒಳ್ಳೆಯದಲ್ಲ. ಹಲಗೆ ಪೂರ್ತಿ ಹಿಗ್ಗಿದಾಗ ಅಂಟಿಸಿದರೆ ಚಳಿಗಾಲದ ಕುಗ್ಗುವಿಕೆಯೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತದೆ. ವಸಂತದಲ್ಲೋ ಎಲೆ ಉದುರುವ ಕಾಲದಲ್ಲೋ ಮೋಡವಿರುವ ದಿನ ಹಾಕಿದರೆ ಹಿಗ್ಗಲೂ ಅಷ್ಟೇ, ಕುಗ್ಗಲೂ ಅಷ್ಟೇ. ಒಂಟಾರಿಯೊದಲ್ಲಿ ಅಕ್ಟೋಬರ್ ಹೊತ್ತಿಗೆ ದೋಣಿಗಳನ್ನು ನೀರಿನಿಂದ ಎತ್ತಿ ದಡಕ್ಕಿಟ್ಟು ಟಾರ್ಪಾಲು ಹೊದಿಸುತ್ತಾರೆ. ಅದಕ್ಕೆ ಮುಂಚಿನ ಎರಡು ಮೂರು ವಾರ ಪ್ರಶಸ್ತ.

ಸರೋವರದ ತೀರದಲ್ಲೇ ಸುತ್ತುವವರಿಗೆ ಇಷ್ಟು ಸಾಕು. ಸಮುದ್ರಕ್ಕೆ ಇಳಿಯುವವರು ಮಾತ್ರ ಸೋರಿಕೆಯನ್ನು ದಾಟಿ ಯೋಚಿಸಬೇಕು. ಬಿರುಗಾಳಿಯಲ್ಲಿ ಕಿಟಕಿ ಒಡೆಯುವುದು ಗಾಳಿ ಬರುವ ಕಡೆಯದು ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಒಡೆಯುವುದು ಇನ್ನೊಂದು ಪಕ್ಕದ್ದು. ದೊಡ್ಡ ಅಲೆ ದೋಣಿಯನ್ನು ಎತ್ತಿ ಅದರ ತಗ್ಗಿಗೆ ಒಗೆಯುತ್ತದೆ. ದೋಣಿ ಪಕ್ಕಕ್ಕೆ ಬಿದ್ದಾಗ ಕೆಳಗಿನ ನೀರು ಕಲ್ಲಿನಂತೆ ಬಡಿಯುತ್ತದೆ. ಈಜುಕೊಳಕ್ಕೆ ಹೊಟ್ಟೆ ಅಡಿಯಾಗಿ ಬಿದ್ದವರನ್ನು ಕೇಳಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು. ಅವರ ‘ಸುಹೇಲಿ’ ಮುಂಬೈಯಲ್ಲಿ ನಮ್ಮ ಬಡಗಿಗಳು ತೇಗದಲ್ಲಿ ಕಟ್ಟಿದ ದೋಣಿ. ದಕ್ಷಿಣ ಸಾಗರದಲ್ಲಿ ಅದೂ ಹಾಗೆ ಪಕ್ಕಕ್ಕೆ ಬಿದ್ದಾಗ ಒಡಲಿಗೆ ಏನೂ ಆಗಲಿಲ್ಲ, ಕ್ಯಾಬಿನ್ನೇ ಡೆಕ್ಕಿನ ಮೇಲೆ ಕದಲಿತ್ತು. ಒಂದು ದೊಡ್ಡ ಕಿಟಕಿ ಹೋಯಿತೆಂದರೆ ಮುಂದಿನ ಅಲೆಗೆ ಒಳಗೆ ಬರುವ ನೀರನ್ನು ಯಾವ ಪಂಪೂ ಎತ್ತಲಾರದು.

ಹಾಗಾಗಿಯೇ ದೂರಸಾಗರದ ಪಂದ್ಯಗಳ ನಿಯಮದಲ್ಲಿ ಎರಡು ಚದರ ಅಡಿಗಿಂತ ದೊಡ್ಡ ಕಿಟಕಿಗಳಿಗೆ ಬಿರುಗಾಳಿಯ ಮುಚ್ಚಳ ಇರಬೇಕೆಂದು ಬರೆದಿದ್ದಾರೆ. ಹೊಸ ದೋಣಿಗಳ ಕಿಟಕಿಯ ಬಲಕ್ಕೆಂದು 2002ರಲ್ಲಿ ಐ.ಎಸ್.ಓ. 12216 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಅದಕ್ಕಿಂತ ಮುಂಚೆ ಹುಟ್ಟಿದ ದೋಣಿಗಳಿಗೆ ಅದರ ಮಾಲೀಕರೇ ಮಾನದಂಡ.

ಹಳೆಯ ಹಲಗೆಯನ್ನು ಕಸಕ್ಕೆ ಹಾಕುವ ಮೊದಲು ಅದನ್ನು 12 ಮಿಲಿಮೀಟರಿನ ಪ್ಲೈವುಡ್ಡಿನ ಮೇಲಿಟ್ಟು, ಅಂಚಿಗೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಗೆರೆ ಎಳೆದುಕೊಳ್ಳಿ. ಕತ್ತರಿಸಿ ಬಣ್ಣ ಬಳಿದು, ಹೊರಗಿನಿಂದ ಬೋಲ್ಟು ಹಾಕಲು ನಾಲ್ಕು ರಂಧ್ರ ಕೊರೆದು, ಎಡದ್ದು ಬಲದ್ದು ಎಂದು ಗುರುತು ಬರೆದು ಮಲಗುವ ಹಲಗೆಯ ಅಡಿಗೆ ಸೇರಿಸಿ. ಬೋಲ್ಟು, ನಟ್ಟು, ಸ್ಪ್ಯಾನರು ಅದೇ ಚೀಲದಲ್ಲಿರಲಿ. ಕತ್ತಲಲ್ಲಿ ಹುಡುಕುವಂತಾಗಬಾರದು.